ಡಾಬಕಾದ ಹುಡುಗಿಯನ್ನು ಸಿಲೋನಿನಿಂದ ಕರೆತಂದದ್ದು

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಚಳಿಗಾಲದಲ್ಲಿ ನಾನು ಹತ್ತು ಮಂದಿ ಹುಡುಗಿಯರನ್ನು ಕರೆದುಕೊಂಡು ಸಿಲೋನಿಗೆ ಹೋದೆ. ಅಲ್ಲಿಯವರೆಗೆ ನಾನು ನೋಡಿದ್ದ ದೊಡ್ಡ ಊರೆಂದರೆ ಹೈದರಾಬಾದು ಒಂದೇ. ಸಮುದ್ರವನ್ನು ಹುಡುಗಿಯರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ನನಗಾಗ ಇಪ್ಪತ್ತೈದು ವರ್ಷ. ಬೀದರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಂಗ್ಲಿಷು, ಲೆಕ್ಕ ಕಲಿಸುತ್ತಿದ್ದೆ. ಚಿದ್ರಿಯಲ್ಲಿ ಬಾಡಿಗೆ ಮನೆ ಹಿಡಿದು ತಾಯಿಯ ಜೊತೆ ಇದ್ದೆ. ಮದುವೆಯ ಮಾತು ಆಗೀಗ ಬರುತ್ತಿತ್ತು, ಹೋಗುತ್ತಿತ್ತು.

ಆ ವರ್ಷ ಬೀದರಿನಲ್ಲಿ ಯಾರೂ ಕುಂತಲ್ಲಿ ಕೂಡುತ್ತಿರಲಿಲ್ಲ. ಕಚೇರಿಗಳ ಮೇಲಿನ ಉರ್ದು ಬೋರ್ಡು ಇಳಿದಿದ್ದವು, ಕನ್ನಡದವು ಇನ್ನೂ ಪೂರ್ತಿ ಏರಿರಲಿಲ್ಲ. ಯಾವ ಗುಮಾಸ್ತ ಹೈದರಾಬಾದಿಗೆ ಹೋಗುತ್ತಾನೆ, ಯಾವನು ಇಲ್ಲೇ ಉಳಿಯುತ್ತಾನೆ ಎಂಬುದೇ ಓಣಿ ಓಣಿಯ ಮಾತು. ಮೈಸೂರು ಕಡೆಯಿಂದ ಒಬ್ಬ ಇನ್ಸ್‌ಪೆಕ್ಟರು ಶಾಲೆ ನೋಡಲು ಬಂದರೆ ಅವರ ಕನ್ನಡ ನಮಗೆ ಅರ್ಧ ತಿಳಿಯುತ್ತಿತ್ತು, ನಮ್ಮದು ಅವರಿಗೆ ಅಷ್ಟೂ ತಿಳಿಯುತ್ತಿರಲಿಲ್ಲ. ನಾನು ಓದಿದ್ದೆಲ್ಲ ಉರ್ದುವಿನಲ್ಲಿ. ಮನೆಮಾತು ಕನ್ನಡವಾದರೂ ಬರೆಯಲು ಕುಳಿತರೆ ಒತ್ತಕ್ಷರ ತಪ್ಪುತ್ತಿತ್ತು.

ನಮ್ಮ ಹೆಡ್‌ಮಿಸ್ಟ್ರೆಸ್ಸು ಹೈದರಾಬಾದಿನ ಮುಸ್ಲಿಂ ಹೆಂಗಸು. ನಾವೆಲ್ಲ ಅವರನ್ನು ಆಪಾ ಎನ್ನುತ್ತಿದ್ದೆವು. ಅವರಿಗೆ ವಾಪಸು ವರ್ಗವಾಗುವುದು ಖಾತ್ರಿಯಾಗಿತ್ತು. ಹೋಗುವ ಮೊದಲು ಈ ಊರಿನ ಹೆಣ್ಣುಮಕ್ಕಳಿಗೆ ಏನಾದರೂ ಒಂದು ಮಾಡಿಯೇ ಹೋಗುತ್ತೇನೆಂದು ಪಟ್ಟು ಹಿಡಿದಿದ್ದರು. ಮದ್ರಾಸಿನಲ್ಲಿ ಅವರ ಜೊತೆ ಓದಿದ ಗೆಳತಿಯೊಬ್ಬಳು ಸಿಲೋನಿನ ಕ್ಯಾಂಡಿಯಲ್ಲಿ ಒಂದು ಶಾಲೆ ನಡೆಸುತ್ತಿದ್ದಳು. ಅಲ್ಲಿ ಬೇರೆ ಬೇರೆ ಕಡೆಯ ಹುಡುಗಿಯರ ಶಿಬಿರವಿದೆ, ನಿಮ್ಮವರನ್ನೂ ಕಳಿಸಿ ಎಂದು ಆಕೆ ಕರೆದಿದ್ದಳು. ಆಪಾ ನನ್ನನ್ನು ಕರೆದು, “ಬೇಟಿ, ನಾಕು ಭಾಷಾ ಬರೋದು ನಿನಗೊಬ್ಬಾಕಿಗೇ. ನೀನೇ ಹೋಗು,” ಎಂದು ಉರ್ದುವಿನಲ್ಲಿ ಹೇಳಿದರು. ಬೀದರಿನವರಷ್ಟೇ ಅಲ್ಲ, ಭಾಲ್ಕಿ, ಔರಾದ ಕಡೆಯವರೂ ಬರಬೇಕು ಎಂದರು. ಆ ಕಡೆಯ ಮನೆಗಳಿಗೆ ಹೋಗಿ ತಂದೆತಾಯಿಗಳನ್ನು ಒಪ್ಪಿಸುವ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಭಾಲ್ಕಿಯಲ್ಲಿ ಒಂದು ಬಟ್ಟೆ ಅಂಗಡಿಯವರ ಮನೆ. ಹುಡುಗಿ ಹದಿನೈದರವಳು, ಬಾಯಿ ಮುಚ್ಚದವಳು. ಅಪ್ಪನೇ ಬೇಗ ಒಪ್ಪಿದ, ಅಜ್ಜಿ ಒಪ್ಪಲಿಲ್ಲ. ನನ್ನ ಕೊರಳಲ್ಲಿನ ಲಿಂಗವನ್ನು ನೋಡಿದ ಮೇಲೆ ಆಕೆ ಸ್ವಲ್ಪ ಮೆತ್ತಗಾದಳು.

“ನಮ್ಮ ಪೋರಿ ಯಾರ ಕೈಯಾಗಿಂದೂ ಉಣ್ಣಂಗಿಲ್ರಿ ಅಕ್ಕೋರ. ಬುತ್ತಿ ಕಟ್ಟಿ ಕೊಡ್ತೇನಿ. ನೀವು ಇದ್ದೀರಿ ಅಂತ ಕಳಸ್ತೇನಿ,” ಎಂದಳು.

“ಸಮುದ್ರದಾಚಿ ತನಕ ಬುತ್ತಿ ಉಳೀತದೇನಬೇ?” ಎಂದು ಹುಡುಗಿ ನಕ್ಕಳು. ಅಜ್ಜಿ ನಗಲಿಲ್ಲ.

ಔರಾದ ಕಡೆಯಿಂದ ಬಂದವಳು ಡಾಬಕಾದ ಹುಡುಗಿ. ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ ಮೊದಲ ನಂಬರಿನಲ್ಲಿ ಪಾಸಾಗಿ ಮನೆಯಲ್ಲಿ ಕುಳಿತಿದ್ದಳು. ಮುಂದೆ ಓದಲು ಹತ್ತಿರದಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯಿರಲಿಲ್ಲ. ಔರಾದದ ತನಕ ಮೋಟಾರು, ಅಲ್ಲಿಂದ ಎತ್ತಿನ ಗಾಡಿ ಮಾಡಿಕೊಂಡು ನಾನು ಡಾಬಕಾಕ್ಕೆ ಹೋದೆ. ಅವರ ಮನೆ ಊರ ಹೊರಗೆ. ಅಪ್ಪ ಗೌಂಡಿ ಕೆಲಸ ಮಾಡುತ್ತಿದ್ದ, ಒಂದು ತುಂಡು ಹೊಲವೂ ಇತ್ತು. ಹಿಂದಿನ ವರ್ಷ ಅವರೆಲ್ಲ ಬೌದ್ಧರಾಗಿದ್ದರು. ಗೂಡಿನಲ್ಲಿದ್ದ ಹಳೆಯ ದೇವರನ್ನು ತೆಗೆದು, ಕ್ಯಾಲೆಂಡರಿನಿಂದ ಕತ್ತರಿಸಿದ ಬುದ್ಧನ ಚಿತ್ರವೊಂದನ್ನು ಹಚ್ಚಿದ್ದರು. ಊರ ಬಾವಿಯಲ್ಲಿ ಮಾತ್ರ ಅವರಿಗೆ ಹಗ್ಗ ಇಳಿಬಿಡುವ ಹಕ್ಕು ಇನ್ನೂ ಇರಲಿಲ್ಲ. ಆ ಹುಡುಗಿ ಅರ್ಧ ಹರದಾರಿ ದೂರದ ಹಳ್ಳದಿಂದ ನೀರು ಹೊತ್ತು ತಂದು ನನಗೆ ಕೊಟ್ಟಳು. ನಾನು ಕುಡಿದೆ. ಕುಡಿಯುವಾಗ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು.

“ಬುದ್ಧನ ದೇಶ ಅದರಿ ಅದು, ಬಾಯಿ. ನಮ್ಮ ಪೋರಿ ಕಣ್ಣಿಲೆ ನೋಡ್ಲಿ,” ಎಂದ ಅಪ್ಪ. ಮರಾಠಿ ಬೆರೆತ ಆ ಕಡೆಯಲ್ಲಿ ಶಾಲೆಯ ಹೆಂಗಸರನ್ನು ಬಾಯಿ ಎಂದೇ ಕರೆಯುತ್ತಾರೆ.

ತಾಯಿ ಬಾಗಿಲ ಹಿಂದೆ ನಿಂತಿದ್ದಳು. ಅವಳಿಗೂ ಕೇಳಿಸಲೆಂದು ನಾನು ಗಟ್ಟಿಯಾಗಿ ಹೇಳಿದೆ: “ಫಿಕರ್ ಮಾಡಬ್ಯಾಡ್ರಿ. ಹ್ಯಾಂಗ ಕರ್ಕೊಂಡು ಹೋಗ್ತೇನಿ, ಹಂಗೇ ತಂದು ನಿಮ್ಮ ಬಾಗಲಾಗ ಬಿಡ್ತೇನಿ.”

ಅಪ್ಪ ಅದಕ್ಕೆ ಏನೂ ಅನ್ನಲಿಲ್ಲ.

ಬೀದರಿನಿಂದ ವಿಕಾರಾಬಾದು, ಅಲ್ಲಿಂದ ವಾಡಿ, ರಾಯಚೂರು, ಮದ್ರಾಸು. ರೈಲು ಹತ್ತಿದ ಗಳಿಗೆಯಿಂದ ನನಗೆ ತಲೆ ಎಣಿಸುವ ಹುಚ್ಚು ಹಿಡಿಯಿತು. ಸ್ಟೇಷನ್ನು ಬಂತೆಂದರೆ ಎಣಿಸು, ಬಿಟ್ಟಿತೆಂದರೆ ಎಣಿಸು. ಯಾರಾದರೂ ನೀರಿಗೆ ಇಳಿದರೆ ನಾನೂ ಇಳಿದು ಬಾಗಿಲ ಬಳಿ ನಿಲ್ಲುತ್ತಿದ್ದೆ. ಹುಡುಗಿಯರು ನನ್ನ ಬೆನ್ನ ಹಿಂದೆ ನನ್ನಂತೆಯೇ ಬೆರಳಾಡಿಸಿ ಅಣಕಿಸುವುದು ಕಾಣುತ್ತಿತ್ತು. ಊಟದ ಹೊತ್ತಿಗೆ ಬೇರೆಯದೇ ತಾಪತ್ರಯ. ಭಾಲ್ಕಿಯ ಹುಡುಗಿ ತನ್ನ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಎತ್ತಿಕೊಂಡು ಡಾಬಕಾದವಳಿಂದ ದೂರದ ಕಿಟಕಿಗೆ ಹೋಗಿ ಕುಳಿತಳು. ಇನ್ನೂ ಇಬ್ಬರು ಅವಳ ಹಿಂದೆ ಎದ್ದರು. ಡಾಬಕಾದವಳು ತನ್ನ ಬುತ್ತಿ ಬಿಚ್ಚದೆ ಹೊರಗೆ ನೋಡುತ್ತ ಕುಳಿತಿದ್ದಳು. ನಾನು ಹೋಗಿ ಅವಳ ಮಗ್ಗುಲಲ್ಲಿ ಕುಳಿತು, ಅವಳ ಗಂಟು ಬಿಚ್ಚಿ, ಅವಳ ತಾಯಿ ಬಡಿದ ರೊಟ್ಟಿಯನ್ನು ಮುರಿದು ತಿಂದೆ. ಕಿಟಕಿಯ ಕಡೆಯ ಮೂವರೂ ಬೆನ್ನು ತಿರುಗಿಸಿದರು. ಹಾಗೇ ಮದ್ರಾಸಿನ ತನಕ ಎರಡು ಪಂಗಡವಾಗಿಯೇ ಹೋದೆವು.

ಮದ್ರಾಸಿನಲ್ಲಿ ರೈಲು ಬದಲಿಸಿ ಧನುಷ್ಕೋಡಿಯ ದಾರಿ ಹಿಡಿದೆವು. ಮಂಡಪಂನಲ್ಲಿ ಸಿಲೋನಿನ ವೈದ್ಯರು ಕಣ್ಣು, ನಾಲಿಗೆ, ತೋಳಿನ ಮೇಲಿನ ಸಿಡುಬಿನ ಚುಚ್ಚುಮದ್ದಿನ ಗುರುತು ಎಲ್ಲ ನೋಡಿದರು. ನಮ್ಮ ಹಾಗೆಯೇ ಸಾಲಿನಲ್ಲಿ ನಿಂತವರು ಚಹದ ತೋಟಗಳಿಗೆ ಹೊರಟ ತಮಿಳು ಕೂಲಿಗಳು. ಅವರನ್ನು ಇನ್ನೊಂದು ಕಡೆಗೆ ಅಟ್ಟುತ್ತಿದ್ದರು. ನಮ್ಮನ್ನೂ ಅವರ ಜೊತೆ ಅಟ್ಟಿಬಿಟ್ಟರೆ ಏನು ಗತಿ ಎಂದು ಹತ್ತೂ ತಲೆಗಳನ್ನು ಮತ್ತೆ ಮತ್ತೆ ಎಣಿಸಿದೆ. ಬಿಟ್ಟರು.

ಹಡಗಿನಲ್ಲಿ ಅರ್ಧ ದಾರಿಗೆ ಅಲೆ ಜೋರಾಯಿತು. ಭಾಲ್ಕಿಯ ಹುಡುಗಿ ಕಟಕಟೆ ಹಿಡಿದು ವಾಂತಿ ಮಾಡತೊಡಗಿದಳು. ನನಗೂ ತಲೆ ತಿರುಗಿ ಏಳಲಾಗಲಿಲ್ಲ. ಕುಳಿತಲ್ಲಿಂದಲೇ ನೋಡಿದೆ: ಡಾಬಕಾದವಳು ಎದ್ದು ಹೋಗಿ ಅವಳ ಹಣೆ ಹಿಡಿದಳು, ತನ್ನ ತಂಬಿಗೆಯ ನೀರಿನಿಂದ ಮುಖ ತೊಳೆದಳು, ಆಮೇಲೆ ಅದೇ ತಂಬಿಗೆಯನ್ನು ಬಾಯಿಗೆ ಹಿಡಿದಳು. ಭಾಲ್ಕಿಯವಳು ಗಟಗಟ ಕುಡಿದಳು. ಅವಳ ಬುತ್ತಿಯ ಗಂಟು ಎಲ್ಲಿ ಉರುಳಿಹೋಯಿತೋ, ಯಾರೂ ಹುಡುಕಲಿಲ್ಲ.

ಕ್ಯಾಂಡಿಯಲ್ಲಿ ಒಂದೊಂದು ಗುಂಪನ್ನು ಒಂದೊಂದು ಬೋರ್ಡಿನ ಕೆಳಗೆ ನಿಲ್ಲಿಸಿದರು. ನಮ್ಮದರ ಮೇಲೆ ಮೈಸೂರು ಎಂದು ಬರೆದಿತ್ತು. ಎಲ್ಲಿಯವರು ಎಂದು ಕೇಳಿದರೆ ಒಬ್ಬಳು ಹೈದರಾಬಾದ ಎಂದಳು, ಒಬ್ಬಳು ಬೀದರ ಎಂದಳು, ಭಾಲ್ಕಿಯವಳು ಎದೆಯುಬ್ಬಿಸಿ ಮೈಸೂರು ಎಂದಳು. ಅಲ್ಲಿನ ಅರಮನೆ ಹೇಗಿದೆ ಎಂದು ಸಿಂಹಳದ ಹುಡುಗಿಯೊಬ್ಬಳು ಕೇಳಿದಳು. ನಮ್ಮಲ್ಲಿ ಯಾರೂ ಮೈಸೂರು ನೋಡಿದವರಲ್ಲ. “ಭಾಳ ದೊಡ್ಡದದ,” ಎಂದುಬಿಟ್ಟಳು ಭಾಲ್ಕಿಯವಳು. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ನಿಮ್ಮ ನಾಡಿನದೇನಾದರೂ ಹಾಡಿ ಎಂದಾಗ ಸುತ್ತು ನಿಂತು ಚಪ್ಪಾಳೆ ತಟ್ಟಿ ನಮ್ಮ ಕಡೆಯ ಬುಲಾಯಿ ಪದ ಹಾಡಿದರು. ಅದೇ ಮೈಸೂರಿನ ಹಾಡೆಂದು ಎಲ್ಲರೂ ನಂಬಿದರು.

ಹುಡುಗಿಯರನ್ನು ಇಬ್ಬಿಬ್ಬರಂತೆ ಊರವರ ಮನೆಗಳಲ್ಲಿ ಇಳಿಸಿದ್ದರು. ಭಾಲ್ಕಿ, ಡಾಬಕಾದ ಹುಡುಗಿಯರಿಗೆ ಒಬ್ಬ ಶಿಕ್ಷಕಿಯ ಮನೆ ಸಿಕ್ಕಿತು. ಆಕೆ ವಿಧವೆ, ಇವರ ವಯಸ್ಸಿನದೇ ಒಬ್ಬ ಮಗಳು. ಮನೆ ಗುಡ್ಡದ ಇಳಿಜಾರಿನಲ್ಲಿತ್ತು. ಉಳಿದ ಮನೆಗಳೂ ಅಲ್ಲೊಂದು ಇಲ್ಲೊಂದು. ನಾನು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಎಲ್ಲ ಗುಡ್ಡ ಹತ್ತಿಳಿದು ಹುಡುಗಿಯರ ಮುಖ ನೋಡಿ ಬರುತ್ತಿದ್ದೆ. ಶಿಬಿರದವರು ನಗುತ್ತಿದ್ದರು. ಆ ಊರಿನ ಕೆರೆ, ಗುಡಿ, ಹಸಿರು ಯಾವುದೂ ನನ್ನ ಕಣ್ಣಿಗೆ ನೆಟ್ಟಗೆ ಬೀಳಲಿಲ್ಲ. ಸಂತೆಬೀದಿಯಲ್ಲಿ ಒಂದು ಅಂಗಡಿಯ ಬೋರ್ಡಿನ ಮೇಲಿನ ತಮಿಳು ಅಕ್ಷರಗಳಿಗೆ ಯಾರೋ ಡಾಂಬರು ಬಳಿದಿದ್ದರು. ಇದೇನೆಂದು ನಾನು ಆ ಶಿಕ್ಷಕಿಯನ್ನು ಕೇಳಿದೆ. “ಭಾಷೆಯ ಜಗಳ. ನಿಮ್ಮಲ್ಲಿ ಇಲ್ಲವೇ?” ಎಂದು ಆಕೆ ನನ್ನನ್ನೇ ಕೇಳಿದಳು. ಬೀದರಿನಲ್ಲಿ ಇಳಿಸಿದ ಬೋರ್ಡುಗಳು ನೆನಪಾದವು. ನಮ್ಮಲ್ಲಿ ಡಾಂಬರಿಲ್ಲ ಎಂದೆ.

ಡಾಬಕಾದ ಹುಡುಗಿ ಮಾತ್ರ ದಿನದಿಂದ ದಿನಕ್ಕೆ ಬೇರೆಯವಳೇ ಆಗುತ್ತಿದ್ದಳು. ರೈಲಿನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದವಳು ಈಗ ನಾನು ಹೋದೊಡನೆ ಕೈ ಹಿಡಿದು ಒಳಗೆ ಕರೆಯುತ್ತಿದ್ದಳು. ಆ ಮನೆಯ ಮಗಳು ತನ್ನ ಬಿಳಿ ಲಂಗ ರವಿಕೆ ಇವಳಿಗೆ ಕೊಟ್ಟಿದ್ದಳು. ಸಂಜೆ ಹೂ ಹಿಡಿದು ಮೂವರೂ ಗುಡಿಗೆ ಹೋಗುತ್ತಿದ್ದರು. ಒಂದೇ ಮೇಜಿಗೆ ಕುಳಿತು ಅನ್ನ, ಕೊಬ್ಬರಿ ಹಾಲಿನ ಸಾರು ಉಣ್ಣುತ್ತಿದ್ದರು. ಭಾಲ್ಕಿಯವಳೂ ಉಣ್ಣುತ್ತಿದ್ದಳು, ಅಜ್ಜಿಯ ಸುದ್ದಿ ಎತ್ತದೆ.

ಹೊರಡುವ ಹಿಂದಿನ ದಿನ ಆ ಭಾಲ್ಕಿಯವಳೇ ಏದುಸಿರು ಬಿಡುತ್ತ ನಾನಿದ್ದಲ್ಲಿಗೆ ಬಂದಳು.

“ಅಕ್ಕೋರ, ಅಕಿ ಬರಂಗಿಲ್ಲಂತರಿ.”

“ಯಾರು? ಎಲ್ಲಿಗಿ?”

“ಡಾಬಕಾದಾಕಿ. ಊರಿಗಿ ಬರಂಗಿಲ್ಲಂತ. ಇಲ್ಲೇ ಇರ್ತಾಳಂತ. ಆ ಮನಿ ಅಮ್ಮಾರು ಹೂಂ ಅಂದಾರ.”

ನಾನು ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ಹೋದಾಗ ಆ ಹುಡುಗಿ ಅಡುಗೆಮನೆಯಲ್ಲಿ ಮಣೆಯ ಮೇಲೆ ಕುಳಿತು ಕೊಬ್ಬರಿ ತುರಿಯುತ್ತಿದ್ದಳು. ನನ್ನನ್ನು ಕಂಡೂ ಕೈ ನಿಲ್ಲಿಸಲಿಲ್ಲ.

“ಏನು ನಾ ಕೇಳಿದ್ದು? ಖರೆ ಏನು?”

“ಖರೇ ಅದರಿ ಬಾಯಿ. ನಾ ಬರಂಗಿಲ್ಲ. ಇಲ್ಲಿ ಸಾಲ್ಯಾಗ ಹಾಕ್ತಾರಂತ.”

“ಇಲ್ಲಿ ಮಾತು ನಿನಗ ಬರ್ತದೇನು?”

“ಕಲೀತೇನಿ. ಮರಾಠಿ ಸಾಲ್ಯಾಗ ಓದಿ ಕನ್ನಡಾ ಕಲೀಲಿಲ್ಲೇನ್ರಿ?”

“ಅವ್ವ ಅಪ್ಪ?”

ಅವಳ ಕೈ ಒಂದು ಗಳಿಗೆ ನಿಂತಿತು. “ಇಲ್ಲಿ ಯಾರೂ ನನಗ ಕೇಳಿಲ್ರಿ, ಯಾರ ಪೈಕಿ ನೀನು ಅಂತ. ನೀರು ನಾನೇ ತುಂಬ್ತೇನಿ, ಎಲ್ಲಾರೂ ಕುಡೀತಾರ. ಊರಿಗಿ ಹೋಗಿ ಏನ್ ಮಾಡ್ಲಿರಿ? ಮನ್ಯಾಗ ಕುಂತ್ರ ಮುಂದಿನ ವರ್ಷ ಲಗ್ನಾ ಮಾಡ್ತಾರ.”

ಹೊರಗೆ ಆ ಶಿಕ್ಷಕಿ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಸಾವಧಾನವಾಗಿ ಮಾತಾಡಿದಳು. ಹುಡುಗಿ ಬಹಳ ಚುರುಕು, ಇದ್ದರೆ ನನ್ನ ಮಗಳಿಗೊಂದು ಜೊತೆ, ಶಾಲೆ ನನ್ನ ಕೈಯಲ್ಲಿದೆ, ಇರುವ ಪರವಾನಗಿಗೆ ಅರ್ಜಿ ಹಾಕಿ ಓಡಾಡುತ್ತೇನೆ, ಅವಳ ತಂದೆಗೆ ನಾನೇ ಬರೆಯುತ್ತೇನೆ. ಮೋಸದ ಹೆಂಗಸಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಆಕೆ ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಸಂಜೆ ಕೆರೆಯ ಸುತ್ತ ನಡೆದೆ. ಬಿಟ್ಟುಹೋದರೆ? ಹದಿನಾಲ್ಕರ ಹುಡುಗಿ. ಸಮುದ್ರದಾಚೆ. ನಾಳೆ ಇವರ ಜಗಳ ದೊಡ್ಡದಾದರೆ, ಆ ಶಿಕ್ಷಕಿ ಕಾಯಿಲೆ ಬಿದ್ದರೆ ಇವಳ ಕೈ ಹಿಡಿಯುವವರಾರು? ಡಾಬಕಾಕ್ಕೆ ಹೋಗಿ ಆ ತಾಯಿಯ ಮುಂದೆ ಬರಿಗೈಲಿ ಹೇಗೆ ನಿಲ್ಲಲಿ? ಕರೆದೊಯ್ದರೆ? ಹಳ್ಳದ ನೀರು, ಮುಂದಿನ ವರ್ಷ ಮದುವೆ. ಕತ್ತಲಾಗುವ ತನಕ ಸುತ್ತಿದೆ. ಕೊನೆಗೆ ಹೊಸ ಕಾರಣವೇನೂ ಹೊಳೆಯಲಿಲ್ಲ. ತಂದು ಬಿಡ್ತೇನಿ ಎಂದು ಹೇಳಿ ಬಂದಿದ್ದೇನೆ, ಅಷ್ಟೇ. ಆ ಮಾತನ್ನು ಹಿಡಿದುಕೊಂಡೆ.

ಬೆಳಗ್ಗೆ ಹೋದಾಗ ಅವಳು ಜಗುಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಬಟ್ಟೆ ಕಟ್ಟಿರಲಿಲ್ಲ. ನಾನೇ ಒಳಗೆ ಹೋಗಿ ಅವಳ ಟ್ರಂಕು ತುಂಬಿದೆ. ಬಿಳಿ ಲಂಗವನ್ನು ಆ ಮನೆಯ ಮಗಳು ಮೇಲೆ ಇಟ್ಟಳು. ಇವಳು ಎದ್ದು ಬಂದು ತೆಗೆದು ಹಾಸಿಗೆಯ ಮೇಲೆ ಇಟ್ಟಳು.

“ನಡಿ,” ಎಂದೆ.

ಹೊರಟಳು. ಆ ಶಿಕ್ಷಕಿ ಅವಳ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದಳು. ನನ್ನ ಕಡೆಗೆ ತಿರುಗಿ ಕೋಪವಿಲ್ಲದೆ, “ನಿಮ್ಮ ಜಾಗದಲ್ಲಿದ್ದರೆ ನಾನೂ ಬಹುಶಃ ಹೀಗೇ ಮಾಡುತ್ತಿದ್ದೆ,” ಎಂದಳು. ಆ ಬಹುಶಃ ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು.

ಒಂದು ಸಲ ಬಿಟ್ಟರೆ ಬರುವ ದಾರಿಯುದ್ದಕ್ಕೂ ಆ ಹುಡುಗಿ ನನ್ನ ಜೊತೆ ಮಾತಾಡಲಿಲ್ಲ. ನಾನು ಅವಳನ್ನು ಕಿಟಕಿಯ ಕಡೆ ಕೂಡಿಸಿ, ಬಾಗಿಲಿಗೆ ಅಡ್ಡವಾಗಿ ನಾನು ಕುಳಿತೆ. ರೈಲು ನಿಧಾನವಾದಾಗಲೆಲ್ಲ ನನ್ನ ಕೈ ತಾನಾಗಿ ಅವಳ ಸೆರಗಿನ ಕಡೆ ಹೋಗುತ್ತಿತ್ತು. ಉಳಿದವರು ಇದ್ದಾರೋ ಇಲ್ಲವೋ ಎಂದು ಎಣಿಸುವುದೇ ಮರೆತಿದ್ದೆ. ಹಡಗಿನಲ್ಲಿ ಅವಳು ಕಟಕಟೆಯ ಬಳಿ ನಿಂತು ಹಿಂದೆ ಸರಿಯುವ ದಂಡೆಯನ್ನು ನೋಡುತ್ತಿದ್ದಳು. ನಾನು ಹೋಗಿ ತೋಳು ಹಿಡಿದೆ.

“ಬಿಡ್ರಿ,” ಎಂದಳು. “ನಾ ಹಾರಂಗಿಲ್ಲ.”

ಬಿಟ್ಟೆ. ಆದರೆ ಅಲ್ಲಿಂದ ಕದಲಲಿಲ್ಲ.

ಬೀದರಿನ ಹುಡುಗಿಯರು ಬೀದರಿನಲ್ಲಿ ಇಳಿದರು. ಉಳಿದವರನ್ನು ಮನೆ ಮುಟ್ಟಿಸಲು ನಾನು ಅದೇ ರೈಲಿನಲ್ಲಿ ಮುಂದೆ ಹೋದೆ. ಭಾಲ್ಕಿ ಸ್ಟೇಷನ್ನಿಗೆ ಅಜ್ಜಿಯೇ ಬಂದಿದ್ದಳು. ಅಲ್ಲಿಯವರೆಗೆ ಡಾಬಕಾದವಳ ಭುಜಕ್ಕೆ ತಲೆಯಿಟ್ಟು ಕುಳಿತಿದ್ದ ಭಾಲ್ಕಿಯವಳು ಅಜ್ಜಿಯನ್ನು ಕಂಡೊಡನೆ ಸರಿದು ಕುಳಿತಳು, ಟ್ರಂಕು ಎತ್ತಿಕೊಂಡು ಇಳಿದಳು. “ಬುತ್ತಿ ಎಷ್ಟು ದಿನ ಬಂತು?” ಎಂದು ಅಜ್ಜಿ ಕೇಳಿದಳು. “ಬಂತಬೇ,” ಎಂದಳು ಹುಡುಗಿ. ರೈಲು ಹೊರಟಾಗ ತಿರುಗಿ ನೋಡುತ್ತಾಳೆಂದು ನಾನು ಕಾದೆ. ನೋಡಲಿಲ್ಲ. ಡಾಬಕಾದವಳು ಕಾದಿರಲಿಲ್ಲ; ಅವಳು ಆಗಲೇ ಇನ್ನೊಂದು ಕಡೆಯ ಕಿಟಕಿಗೆ ಹೋಗಿದ್ದಳು.

ಕಮಲನಗರದಲ್ಲಿ ಇಳಿದು, ಸಂತೆಯಿಂದ ಹಿಂದಿರುಗುತ್ತಿದ್ದ ಒಂದು ಗಾಡಿ ಹಿಡಿದು ಡಾಬಕಾ ಮುಟ್ಟಿದೆವು. ತಾಯಿ ಓಡಿ ಬಂದು ಮಗಳ ಮುಖ ಸವರಿದಳು. ಓಣಿಯ ಹೆಂಗಸರೆಲ್ಲ ಸೇರಿದರು. ಸಮುದ್ರ ಹ್ಯಾಂಗಿತ್ತು, ಬುದ್ಧ ಎಷ್ಟು ದೊಡ್ಡವನಿದ್ದ ಎಂದು ಕೇಳಿದರು. ಹುಡುಗಿ ಒಂದೆರಡು ಮಾತು ಹೇಳಿ ಒಳಗೆ ಹೋದಳು.

ಏನೋ ಆಗಿದೆ ಎಂದು ಅಪ್ಪನಿಗೆ ತಿಳಿಯಿತು. ನನ್ನನ್ನು ಹೊರಸಿನ ಮೇಲೆ ಕೂಡಿಸಿ ತಾನು ನೆಲಕ್ಕೆ ಕುಳಿತ. ಏನೂ ಮುಚ್ಚಿಡದೆ ಎಲ್ಲ ಹೇಳಿದೆ. ಹುಡುಗಿ ಹಟ ಹಿಡಿದದ್ದು, ಆ ಶಿಕ್ಷಕಿ ಒಪ್ಪಿದ್ದು, ನಾನು ಒಪ್ಪದೆ ಕರೆತಂದದ್ದು. ಶಹಬ್ಬಾಸ್ ಎನ್ನುತ್ತಾನೆ ಎಂದುಕೊಂಡಿದ್ದೆ. ಆತ ತನ್ನ ಕೈಯ ಬಿರುಕುಗಳಲ್ಲಿನ ಸುಣ್ಣವನ್ನು ಉಗುರಿನಿಂದ ಕೆರೆದ.

“ಬಿಟ್ಟು ಬರಬೇಕಿತ್ತಲ್ರಿ ಬಾಯಿ,” ಎಂದ.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನಿಸಿತು.

“ತಂದು ಬಿಡ್ತೇನಿ ಅಂತ ನಿಮಗ ಹೇಳಿದ್ದೆನಲ್ರಿ.”

“ನೀವು ಹೇಳಿದ್ರಿ. ತಂದು ಬಿಡ್ರಿ ಅಂತ ನಾ ಕೇಳಿದ್ದಿಲ್ಲ.”

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಬಾಗಿಲಲ್ಲಿ ನಿಂತಿದ್ದ ತಾಯಿ ಗಂಡನ ಮೇಲೆ ಕೂಗಾಡಿದಳು, ಹೆತ್ತ ಮಗಳನ್ನು ಸಮುದ್ರಕ್ಕೆ ಎಸೆದು ಬರುತ್ತಾರೇನು ಎಂದಳು. ನನ್ನ ಮುಂದೆ ತಾಟಿನಲ್ಲಿ ರೊಟ್ಟಿ, ಬೇಳೆ ಇಟ್ಟಿದ್ದರು. ಒಂದು ತುತ್ತು ತಿಂದು ಬಿಟ್ಟೆ. ಕೂಡಲಾಗದೆ ಎದ್ದೆ, ಅಂಗಳದಲ್ಲಿ ನಿಂತೆ, ಮತ್ತೆ ಬಂದು ಕುಳಿತೆ. ಬಾಯಿಂದ ಮಾತು ಯೋಚಿಸುವ ಮೊದಲೇ ಬಂತು.

“ಹಂಗಾರ ನನ್ನ ಸಂಗಾಟ ಕಳಸ್ರಿ. ಬೀದರದಾಗ ನಮ್ಮ ಮನ್ಯಾಗ ಇದ್ದು ಓದ್ಲಿ.”

“ನಿಮ್ಮ ಮನ್ಯಾಗ?” ಎಂದ ಅಪ್ಪ, ನನ್ನ ಕೊರಳು ನೋಡುತ್ತ.

“ನಮ್ಮ ಮನ್ಯಾಗ.”

“ಅಕಿಗಿ ಕೇಳ್ರಿ. ನಾನೂ ನೀವೂ ಭಾಳ ಹೇಳಿದೇವಿ.”

ಹುಡುಗಿ ಒಳಗಿನಿಂದ ಎಲ್ಲ ಕೇಳುತ್ತಿದ್ದಳು. ಹೊರಗೆ ಬಂದು, ಕ್ಯಾಂಡಿ ಬಿಟ್ಟ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಕೇಳಿದಳು: “ನಿಮ್ಮವ್ವ ಏನಂತಾರ?”

ಅದು ನನಗೂ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಸುಳ್ಳು ಹೇಳಿದ್ದರೆ ಅವಳು ಬರುತ್ತಿರಲಿಲ್ಲ ಎಂದು ಈಗಲೂ ನನಗನಿಸುತ್ತದೆ.

ನನ್ನವ್ವ ಬಸವಣ್ಣನವರ ದಾರಿಯಲ್ಲಿ ನಂಬಿಕೆಯಿಟ್ಟು ದಿನವೂ ವಚನ ಓದುವವಳು. ಹುಡುಗಿಯನ್ನು ಕಂಡು ಬಾ ಎಂದಳು, ಕೈಕಾಲಿಗೆ ನೀರು ಕೊಟ್ಟಳು. ಆದರೆ ಅವಳ ತಾಟು, ಲೋಟ ಬೇರೆ ಗೂಡಿನಲ್ಲಿ ಇಟ್ಟಳು. ನಾನು ಜಗಳವಾಡಲಿಲ್ಲ. ಆ ಲೋಟದಲ್ಲೇ ನೀರು ಕುಡಿಯತೊಡಗಿದೆ. ಅವ್ವ ನೋಡಿದಳು, ಮುಖ ಗಂಟಿಕ್ಕಿದಳು, ಕೆಲವು ದಿನ ನನ್ನೊಡನೆ ಮಾತು ಬಿಟ್ಟಳು. ಆಮೇಲೆ ಒಂದು ದಿನ ಪಾತ್ರೆಯೆಲ್ಲ ಒಂದೇ ಕಡೆ ಬೋರಲು ಬಿದ್ದಿದ್ದವು. ಅಷ್ಟರಲ್ಲಿ ಮನೆ ಮಾಲಕ ಮನೆ ಖಾಲಿ ಮಾಡಿರೆಂದ. ಚಿದ್ರಿ ಬಿಟ್ಟು ಊರೊಳಗೆ, ನಿವೃತ್ತ ಮುಸ್ಲಿಂ ಗುಮಾಸ್ತರೊಬ್ಬರ ಮನೆಯ ಹಿಂಭಾಗಕ್ಕೆ ಹೋದೆವು. ನನಗೆ ನೋಡುತ್ತಿದ್ದ ಒಂದು ಸಂಬಂಧವೂ ಸದ್ದಿಲ್ಲದೆ ನಿಂತುಹೋಯಿತು. ಅವ್ವ ಅದಕ್ಕೆ ಅತ್ತಳು. ನಾನು ಅಳಲಿಲ್ಲ, ಆದರೆ ಬೇಸರವಾಗಲಿಲ್ಲ ಎಂದರೆ ಸುಳ್ಳು.

ಆಪಾ ಅಷ್ಟರಲ್ಲಿ ಹೈದರಾಬಾದಿಗೆ ಹೋಗಿಬಿಟ್ಟಿದ್ದರು. ಶಾಲೆಯಲ್ಲಿ ಎಲ್ಲ ಕನ್ನಡವಾಗುತ್ತಿತ್ತು. ಮರಾಠಿ ಓದಿ ಬಂದ ಆ ಹುಡುಗಿಗೂ ಉರ್ದು ಓದಿ ಬಂದ ನನಗೂ ಸಂಜೆ ಅವ್ವನೇ ಮಾಸ್ತರು. ವಚನದ ಪುಸ್ತಕ ಮುಂದಿಟ್ಟುಕೊಂಡು ಒತ್ತಕ್ಷರ ತಿದ್ದಿಸುತ್ತಿದ್ದಳು. “ಅಕಿ ನಿನಗಿಂತ ಚೆಂದ ಬರೀತಾಳ ನೋಡು,” ಎಂದು ನನ್ನನ್ನು ಬೈಯುತ್ತಿದ್ದಳು. ಹುಡುಗಿ ಅವ್ವನ ಜೊತೆ ನಗುತ್ತಿದ್ದಳು. ನಾನು ಒಳಗೆ ಹೋದರೆ ನಗು ಸ್ವಲ್ಪ ಇಳಿಯುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಸಿಲೋನಿನಲ್ಲಿ ಭಾಷೆಯ ಜಗಳ ಹೊತ್ತಿ ಉರಿದ ಸುದ್ದಿ ರೇಡಿಯೋದಲ್ಲಿ ಬಂತು. ಮನೆಗಳನ್ನು ಸುಟ್ಟರು, ಜನ ಸತ್ತರು ಎಂದರು. ನನಗೆ ಭಯವೂ ಆಯಿತು, ಒಳಗೊಳಗೆ ನಿರಾಳವೂ ಆಯಿತು.

“ನೋಡಿದಿಲ್ಲ? ಅಲ್ಲಿದ್ದಿದ್ರ ಏನಾಗ್ತಿತ್ತು?” ಎಂದೆ.

ಅವಳು ಬರೆಯುತ್ತಿದ್ದಲ್ಲಿಂದ ತಲೆಯೆತ್ತಿದಳು. “ಆ ಅಮ್ಮಾರು, ಅವರ ಮಗಳು ಹ್ಯಾಂಗ ಅದಾರಂತ ಕೇಳ್ರಿ ಮೊದಲ,” ಎಂದಳು. ನಾನು ಅಂದೇ ಕಾಗದ ಬರೆದೆ. ಬಹಳ ದಿನದ ಮೇಲೆ ಉತ್ತರ ಬಂತು: ಕ್ಷೇಮವಾಗಿದ್ದಾರೆ, ನೆರೆಯ ತಮಿಳು ಕುಟುಂಬವೊಂದನ್ನು ಮನೆಯಲ್ಲಿಟ್ಟುಕೊಂಡಿದ್ದಾರೆ. ಹುಡುಗಿ ಅದನ್ನು ಓದಿ, ಅವ್ವನಿಗೂ ಕನ್ನಡದಲ್ಲಿ ಓದಿ ಹೇಳಿದಳು.

ಅವಳು ಮೆಟ್ರಿಕ್ ಪಾಸಾದಳು. ಮಾಸ್ತರಿಕೆಯ ತರಬೇತಿಗೆ ಗುಲಬರ್ಗಾಕ್ಕೆ ಆಯ್ಕೆಯಾದಳು. ಮೋಟಾರ್ ಸ್ಟ್ಯಾಂಡಿಗೆ ನಾನೇ ಬಿಡಲು ಹೋದೆ. ಅಪ್ಪನೂ ಡಾಬಕಾದಿಂದ ಬಂದಿದ್ದ, ಟ್ರಂಕನ್ನು ಮೇಲೆ ಕಟ್ಟಿಸುತ್ತಿದ್ದ. ಅವಳು ಸೀಟು ಹಿಡಿದು ಕಿಟಕಿಯಿಂದ ಬಗ್ಗಿ ನೋಡಿದಳು.

“ಬಾಯಿ, ನನ್ನ ಅಲ್ಲೇ ಬಿಟ್ಟು ಬಂದಿದ್ರ ನೀವೇನ್ ಮಾಡ್ತಿದ್ರಿ?”

“ದಿನಾ ನಿನ್ನ ಚಿಂತಿ ಮಾಡ್ತಿದ್ದೆ.”

“ಈಗೂ ಅದೇ ಮಾಡ್ತೀರಲ್ರಿ,” ಎಂದು ನಕ್ಕಳು. ನನ್ನ ಮುಂದೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಮುಂದೆ ಅವಳು ಕಮಲನಗರದ ಕಡೆ ಶಿಕ್ಷಕಿಯಾದಳು, ತನಗೆ ಬೇಕಾದವನನ್ನು ಮದುವೆಯಾದಳು, ತನ್ನ ತಂಗಿಯರಿಬ್ಬರನ್ನೂ ಓದಿಸಿದಳು. ಅವ್ವ ಹಾಸಿಗೆ ಹಿಡಿದಾಗ ರಜೆ ಹಾಕಿ ಬಂದು ತೊಳೆದು ಬಳಿದು ಮಾಡಿದಳು. ನಾನು ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಒಮ್ಮೆ ನೇರವಾಗಿ ಕೇಳಿಯೂ ನೋಡಿದೆ. ಅವಳು ಅವ್ವನ ಹೊದಿಕೆ ಮಡಿಸಿ ಕಾಲ ಬಳಿ ಇಟ್ಟಳು.

“ನನಗೂ ಗೊತ್ತಿಲ್ರಿ,” ಎಂದಳು. “ಇದು ಚಲೋ ಆಯ್ತು. ಅದು ಹ್ಯಾಂಗ ಆಗ್ತಿತ್ತೋ ಯಾರು ನೋಡ್ಯಾರ?”